ನೆರೆಮನೆಯ ಪುಸ್ತಕ

ಕಿರಿಮಗಳು ತೌಲನಿಕ ಸಾಹಿತ್ಯದಲ್ಲಿ ಎಂ.ಎ. ಮಾಡುತ್ತೇನೆಂದಾಗ ನಾನು ಕೇಳಿದ್ದು ಒಂದೇ: "ಅದರಿಂದ ನೌಕರಿ ಸಿಗ್ತದೇನು?" ಎಂ.ಕಾಂ. ಓದಿ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನಿಗೆ ಬೇರೆ ಪ್ರಶ್ನೆ ಹೊಳೆಯುವುದು ಕಷ್ಟ.

ಅವಳು ಸಿಟ್ಟಾಗಲಿಲ್ಲ. ಜರ್ಮನಿಯ ಕವಿ ಗಯಟೆ 1827ರಲ್ಲೇ ವಿಶ್ವಸಾಹಿತ್ಯದ ಮಾತೆತ್ತಿದ್ದು, ರವೀಂದ್ರನಾಥ ಠಾಕೂರರು 1907ರಲ್ಲಿ ಅದೇ ವಿಷಯದ ಮೇಲೆ ಭಾಷಣ ಮಾಡಿದ್ದು, 1956ರಲ್ಲಿ ಕವಿ ಬುದ್ಧದೇವ ಬಸು ಜಾದವಪುರ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಕಟ್ಟಿದ್ದು, ಎಲ್ಲ ಹೇಳಿದಳು. "ಎರಡು ಭಾಷೆ ಪಕ್ಕಪಕ್ಕ ಇಟ್ಟು ಓದೋದು ಅಪ್ಪಾ, ತೂಗೋದಲ್ಲ" ಎಂದವಳೇ, "ಡೊಂಬಿವಲಿಗೆ ಬಂದು ಮೂವತ್ತು ವರ್ಷ ಆತು. ಒಂದಾದರೂ ಮರಾಠಿ ಪುಸ್ತಕ ಓದೀರೇನು?" ಎಂದು ಕೇಳಿದಳು.

ಓದಿಲ್ಲ. ಭಾಜಿ ಮಂಡಿಯಲ್ಲಿ, ಸೊಸೈಟಿ ಮೀಟಿಂಗಿನಲ್ಲಿ, ಕೌಂಟರಿನಲ್ಲಿ ಮರಾಠಿ ಸಲೀಸು. ಲಿಪಿ ಹಿಂದಿಯಿಂದ ಬಂದದ್ದೇ. ಲೋಕಲ್ಲಿನಲ್ಲಿ ನಾನು ಕನ್ನಡ ವಾರಪತ್ರಿಕೆ ಹಿಡಿದರೆ ಭುಜಕ್ಕೆ ಭುಜ ತಾಗಿಸಿ ಕೂತವರು ಮರಾಠಿ ಕಾದಂಬರಿ ಹಿಡಿದಿರುತ್ತಿದ್ದರು. ಏನು ಓದುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. "ಇಲ್ಲಿಯವರಿಗೆ ನಮ್ಮ ಕುವೆಂಪು ಗೊತ್ತಿಲ್ಲ" ಎಂದು ಸಂಘದ ಸಭೆಯಲ್ಲಿ ಹಲುಬಿದ್ದು ಮಾತ್ರ ಎಷ್ಟೋ ಸಲ.

ಪರಊರಲ್ಲಿ ಇರುವವನು ಮೊದಲು ತನ್ನದನ್ನು ಕಾಪಾಡಿಕೊಳ್ಳಬೇಕಲ್ಲವೇ? ಇರುವುದೇ ಸ್ವಲ್ಪ ಹೊತ್ತು. ಅದನ್ನು ತಾಯ್ನುಡಿಗೆ ಕೊಟ್ಟರೆ ತಪ್ಪೇನು? ಈ ವಾದದಲ್ಲಿ ಸತ್ಯ ಇಲ್ಲ ಎನ್ನಲಾರೆ. ಆದರೆ ಲೆಕ್ಕ ಪೂರ್ತಿ ಬಿಡಿಸಿದರೆ ನನ್ನ ಪುಟ ತಾಳೆಯಾಗುವುದಿಲ್ಲ. ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ನಾನು ಕಲಿಸಲಿಲ್ಲ. ಹಾಗಾದರೆ ನಾನು ನಿಷ್ಠೆ ಎಂದುಕೊಂಡದ್ದು ನಿಷ್ಠೆಯೋ, ಸೋಮಾರಿತನವೋ?

ನಾನು ಹುಟ್ಟಿದ್ದು ಧಾರವಾಡದಲ್ಲಿ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಕನ್ನಡದಲ್ಲಿ ಬರೆದದ್ದು ಅಲ್ಲಿ. ಅದೇ ಊರಲ್ಲಿ ಇಂಗ್ಲಿಷ್ ಕಲಿಸುತ್ತ ಜಿ.ಎ. ಕುಲಕರ್ಣಿಯವರು ಮರಾಠಿಯ ದೊಡ್ಡ ಕತೆಗಾರರಾದದ್ದೂ ಅಲ್ಲೇ. ನನ್ನ ಊರಿನ ಅರ್ಧವನ್ನು ನಾನು ಓದಿಯೇ ಇರಲಿಲ್ಲ! ನೆರೆಯವರ ಪುಸ್ತಕ ತೆರೆಯದವನಿಗೆ ನನ್ನ ಪುಸ್ತಕ ಯಾಕೆ ತೆರೆಯಲಿಲ್ಲ ಎಂದು ಕೇಳುವ ಹಕ್ಕಿಲ್ಲ. ಇದು ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು.

ಈಗ ರಾತ್ರಿ ಊಟದ ಮೇಲೆ ಅವಳು ಜಿ.ಎ. ಅವರ ಕತೆ ಗಟ್ಟಿಯಾಗಿ ಓದುತ್ತಾಳೆ, ನಾನು ತಡೆತಡೆದು ಅರ್ಥ ಕೇಳುತ್ತೇನೆ. ಆಮೇಲೆ ಬೇಂದ್ರೆ ನನ್ನ ಪಾಳಿ. ಮೊನ್ನೆ ಅವಳೇ ಒಂದು ಪಾಟಿ ತಂದಿಟ್ಟು, "ಅ ಬರೆದು ತೋರಿಸ್ರಿ" ಎಂದಳು. ನೌಕರಿಯ ಮಾತು ನಾನು ಮತ್ತೆ ಎತ್ತಿಲ್ಲ.