ನಿಮ್ಮ ಪರವಾಗಿ ಮಾತಾಡುವವರು ಯಾರು?

ಹೊನ್ನಾವರ ಬಳಿಯ ಹಳದೀಪುರದಿಂದ ಬಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿಯೇ ಕ್ರೂರ ಹಲ್ಲೆ ನಡೆಯಿತು. ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವ ತನಕ ಅವರು ಹಾಸಿಗೆಯಲ್ಲೇ ಇದ್ದರು. ಅವರ ಪರವಾಗಿ ನಿರ್ಧರಿಸಬೇಕಾದವರು, ಆಹಾರ ನಿಲ್ಲಿಸಿ ನೆಮ್ಮದಿಯಿಂದ ಸಾಯಲು ಬಿಡಿ ಎಂದು ಕೋರ್ಟಿಗೆ ಹೋದ ಲೇಖಕಿ ಪಿಂಕಿ ವಿರಾನಿಯೋ, ದಶಕಗಳ ಕಾಲ ಶುಶ್ರೂಷೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೋ? 2011ರಲ್ಲಿ ಸುಪ್ರೀಂ ಕೋರ್ಟ್ ಸಿಬ್ಬಂದಿ ಎಂದಿತು. ಎರಡೂ ಕಡೆ ಕಾಳಜಿ ಇತ್ತು. ಅರುಣಾಗೆ ಏನು ಬೇಕಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇಪ್ಪತ್ತೈದರ ಹರೆಯದಲ್ಲಿ ಅಂಥದ್ದನ್ನು ಹೇಳಿಡುವ ದಾರಿ ಅವರಿಗಿರಲಿಲ್ಲ. ನಮಗಿದೆ. ಲಿವಿಂಗ್ ವಿಲ್ ಬರೆಯುವ ಹಕ್ಕನ್ನು 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಒಪ್ಪಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ, ಮಾತಾಡಲು ನಮ್ಮಿಂದ ಆಗದಿದ್ದಾಗ ಯಾವ ಚಿಕಿತ್ಸೆ ಬೇಡ, ನಮ್ಮ ಪರ ಹೇಳುವವರು ಯಾರು ಎಂದು ಅದರಲ್ಲಿ ಬರೆಯಬಹುದು. ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಹೀಗೆ ಬರೆದರೂ ಯಾರೋ ಒಬ್ಬರ ಮಾತಿಗೆ ಚಿಕಿತ್ಸೆ ನಿಲ್ಲುವುದಿಲ್ಲ. ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಬ್ಯಾಂಕಿನ ಕೆಲಸಕ್ಕೆ ಕೊಟ್ಟ ಪವರ್ ಆಫ್ ಅಟಾರ್ನಿ ಇಲ್ಲಿ ನೆರವಿಗೆ ಬಾರದು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಕನ್ನಡಿಗರಿಗೆ ಇದು ಇನ್ನಷ್ಟು ಅಗತ್ಯ. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ, ಅಣ್ಣತಮ್ಮಂದಿರು ಊರಲ್ಲಿ. ಐಸಿಯು ಬಾಗಿಲಲ್ಲಿ ಫಾರ್ಮಿಗೆ ಸಹಿ ಹಾಕುವವರು ಮೊದಲು ತಲುಪಿದವರು. "ಎಲ್ಲಾ ಮಾಡಿ ಡಾಕ್ಟ್ರೇ" ಎನ್ನುವಾಗ ಅವರ ಮನಸ್ಸಿನಲ್ಲಿ ಪ್ರೀತಿಯಷ್ಟೇ ನೆಂಟರ ಮಾತಿನ ಅಂಜಿಕೆಯೂ ಇರುತ್ತದೆ. ನಿಮ್ಮ ಇಷ್ಟ ಮೊದಲೇ ತಿಳಿದಿದ್ದರೆ ಆ ಭಾರ ಅವರ ತಲೆಯ ಮೇಲೆ ಬೀಳದು.

ಯಾರನ್ನು ಆರಿಸಬೇಕು? ಹಿರಿಯ ಮಗ ಎಂಬ ಕಾರಣಕ್ಕೆ ಹಿರಿಯ ಮಗನನ್ನು ಆರಿಸಬೇಡಿ. ಫೋನ್ ಎತ್ತುವವರು, ಬೇಗ ಬಂದು ತಲುಪುವವರು, ಅಳು ತಡೆದು ಡಾಕ್ಟರನ್ನು ಪ್ರಶ್ನಿಸಬಲ್ಲವರು, ಎಲ್ಲಕ್ಕಿಂತ ಮುಖ್ಯವಾಗಿ ತಮ್ಮ ಆಸೆಯನ್ನು ಬದಿಗಿಟ್ಟು ನಿಮ್ಮ ಮಾತನ್ನೇ ಹೇಳುವವರು ಬೇಕು. ಅಂಥವರು ಸೊಸೆಯಾಗಿರಬಹುದು, ತಂಗಿಯಾಗಿರಬಹುದು. ನಿಯಮದ ಪ್ರಕಾರ ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಬಹುದು. ಒಬ್ಬರು ಸಿಗದಿದ್ದರೆ ಇನ್ನೊಬ್ಬರು ಇರುತ್ತಾರೆ. ಆಯ್ಕೆಯಾಗದವರಿಗೂ ಕಾರಣ ನೀವೇ ಹೇಳಿ. ಆಮೇಲೆ ಆಸ್ಪತ್ರೆಯಲ್ಲಿ ಜಗಳ ಆಗುವುದಕ್ಕಿಂತ ಈಗಿನ ಮುನಿಸು ಲೇಸು.

ಪ್ರತಿಗಳನ್ನು ಹೆಸರಿಸಿದವರಿಗೆ, ಮನೆ ಡಾಕ್ಟರಿಗೆ, ನಿಮ್ಮ ಮಹಾನಗರ ಪಾಲಿಕೆಯ ನಿಯೋಜಿತ ಅಧಿಕಾರಿಗೆ ಕೊಡಿ. ಬ್ಯಾಂಕ್ ಲಾಕರಿನಲ್ಲಿಟ್ಟರೆ ರಾತ್ರಿ ಎರಡು ಗಂಟೆಗೆ ಯಾರ ಕೈಗೂ ಸಿಗದು. ವರ್ಷಕ್ಕೊಮ್ಮೆ ತೆಗೆದು ಓದಿ. ಮನಸ್ಸು ಬದಲಾದರೆ ಬದಲಿಸಿ, ಕೊನೆಯದಾಗಿ ಸಹಿ ಹಾಕಿದ್ದಕ್ಕೇ ಬೆಲೆ. ಮಾನಸಿಕ ಕಾಯಿಲೆಯ ಚಿಕಿತ್ಸೆಗಂತೂ, 2017ರ ಕಾಯ್ದೆಯ ಪ್ರಕಾರ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿಯೇ ಪ್ರತಿನಿಧಿಯನ್ನು ನೇಮಿಸಬಹುದು.

ಇನ್ನೊಂದು ನಡತೆಯನ್ನೂ ರೂಢಿಸಿಕೊಳ್ಳಬೇಕು. ಅಪ್ಪನೋ ಅತ್ತೆಯೋ "ನನಗೇನಾದರೂ ಆದರೆ..." ಎಂದು ಶುರುಮಾಡಿದರೆ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸಬೇಡಿ. ಟಿವಿ ಆರಿಸಿ, ಎದುರು ಕುಳಿತು, "ವೆಂಟಿಲೇಟರ್ ಬೇಕೇ, ಎಷ್ಟು ದಿನ, ಕೊನೆಗೆ ಮನೆಯಲ್ಲಿರಬೇಕೋ ಆಸ್ಪತ್ರೆಯಲ್ಲೋ" ಎಂದು ಕೇಳಿ. ಕೇಳಿದ್ದನ್ನು ಅವರೆದುರೇ ಬರೆದುಕೊಂಡು, ಓದಿ ಹೇಳಿ. ನಿಮ್ಮ ಹೆಸರು ಬರೆಯಲು ಅವರಿಗೆ ಧೈರ್ಯ ಬರುವುದು ಆಗಲೇ.