ಪರೀಕ್ಷಿಸುವುದು ಅಪನಂಬಿಕೆಯೇ?

ಕೂಡಿಟ್ಟ ಹಣದಲ್ಲಿ ಗೇಮಿಂಗ್ ಕಂಪ್ಯೂಟರೊಂದನ್ನು ತಾನೇ ಜೋಡಿಸಿಕೊಳ್ಳಲು ಹೊರಟ ವಿದ್ಯಾರ್ಥಿಗೆ ಮನೆಯವರು ಕೇಳುವ ಪ್ರಶ್ನೆಯೊಂದಿದೆ: ಸೀಲು ಒಡೆಯದ ಹೊಸ ಸಾಮಾನನ್ನು ರಾತ್ರಿಯಿಡೀ ಪರೀಕ್ಷೆ ಮಾಡುತ್ತ ಕೂರುವುದೇಕೆ, ಅಂಗಡಿಯವನ ಮೇಲೆ ಅಷ್ಟೂ ನಂಬಿಕೆ ಇಲ್ಲವೇ? ಯಂತ್ರದ ಬಗ್ಗೆ ಕೇಳಿದಂತೆ ಕಂಡರೂ ಈ ಪ್ರಶ್ನೆ ನಂಬಿಕೆಯ ಬಗ್ಗೆ ಇದೆ. ಆದ್ದರಿಂದ ಉತ್ತರವನ್ನೂ ಅಲ್ಲಿಯೇ ಹುಡುಕಬೇಕು.

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನ ಗೆಣ್ಣಿನಿಂದ ಬಡಿದು, ಸದ್ದು ಕೇಳಿಯೇ ಕೊಳ್ಳುತ್ತಾರೆ. ಕುಂಬಾರ ಅದನ್ನು ಅವಮಾನವೆಂದು ತಿಳಿಯುವುದಿಲ್ಲ. ಎಷ್ಟೋ ಸಲ ತಾನೇ ಬಡಿದು ತೋರಿಸುತ್ತಾನೆ. ಆವಿಗೆಯ ಬೆಂಕಿ ಎಲ್ಲ ಮಡಕೆಗಳಿಗೂ ಒಂದೇ ಸಮನೆ ತಾಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಾರ್ಖಾನೆಯ ವಸ್ತುಗಳೂ ಹಾಗೆಯೇ. ಎಲೆಕ್ಟ್ರಾನಿಕ್ ಭಾಗಗಳು ಕೆಡುವ ಪ್ರಮಾಣವನ್ನು ಎಂಜಿನಿಯರುಗಳು ಸ್ನಾನದ ತೊಟ್ಟಿಯ ಆಕಾರದ ರೇಖೆಯಿಂದ ವಿವರಿಸುತ್ತಾರೆ: ಮೊದಮೊದಲ ದಿನಗಳಲ್ಲಿ ಹೆಚ್ಚು, ನಡುವಿನ ವರ್ಷಗಳಲ್ಲಿ ಕಡಿಮೆ, ಮುಪ್ಪಿನಲ್ಲಿ ಮತ್ತೆ ಹೆಚ್ಚು. ಹೊಸತನವೇ ಖಾತರಿಯೆಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಹಾಗಾದರೆ ಎಷ್ಟು ಪರೀಕ್ಷಿಸಬೇಕು? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯೊಳಗಿನ ಅಗುಳುಗಳೆಲ್ಲ ಒಟ್ಟಿಗೆ ಬೇಯುತ್ತವೆ. 16 ಜಿಬಿ ರ‍್ಯಾಮ್‌ನಲ್ಲಿ ಸುಮಾರು 13,700 ಕೋಟಿ ಬಿಟ್‌ಗಳಿವೆ. ಅವುಗಳಲ್ಲಿ ಒಂದೇ ಒಂದು ದುರ್ಬಲವಾಗಿರಬಹುದು. ಅದೂ ಅಕ್ಕಪಕ್ಕದ ಕೋಶಗಳಲ್ಲಿ ಒಂದು ನಿರ್ದಿಷ್ಟ ವಿನ್ಯಾಸ ಬಂದಾಗ, ಬಿಸಿ ಏರಿದಾಗ ಮಾತ್ರ ತಪ್ಪಬಹುದು. ಮೆಮ್‌ಟೆಸ್ಟ್86ನಂಥ ತಂತ್ರಾಂಶ ಬೇರೆಬೇರೆ ವಿನ್ಯಾಸಗಳನ್ನು ಬರೆದು, ಮತ್ತೆ ಓದಿ, ಗಂಟೆಗಟ್ಟಲೆ ತಾಳೆ ನೋಡುವುದು ಅದಕ್ಕಾಗಿ. ಅಷ್ಟಾದರೂ ದೋಷ ಸಿಗಲಿಲ್ಲವೆಂದರೆ ದೋಷ ಇಲ್ಲವೆಂದು ಅರ್ಥವಲ್ಲ. ಪರೀಕ್ಷೆ ದೋಷದ ಇರವನ್ನು ತೋರಿಸಬಲ್ಲದೇ ಹೊರತು ಇಲ್ಲದಿರುವುದನ್ನಲ್ಲ ಎಂಬುದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಪ್ರೋಗ್ರಾಮುಗಳ ಬಗ್ಗೆ ಹೇಳಿದ ಪ್ರಸಿದ್ಧ ಮಾತಿನ ತಾತ್ಪರ್ಯ. ಎಲ್ಲೋ ಒಂದು ಕಡೆ ಪರೀಕ್ಷೆ ನಿಲ್ಲಿಸಿ ನಂಬಲೇಬೇಕಾಗುತ್ತದೆ. ನಂಬಿಕೆಗೆ ಪರೀಕ್ಷೆ ವಿರೋಧಿಯಲ್ಲ. ಅದು ನಂಬಿಕೆಯ ಮೊದಲ ಮೆಟ್ಟಿಲು.

ಪರೀಕ್ಷೆಯ ಕ್ರಮದಲ್ಲೂ ಒಂದು ನ್ಯಾಯವಿದೆ. ತಿಳಿದವರು ಎಲ್ಲವನ್ನೂ ಒಮ್ಮೆಲೇ ಕ್ಯಾಬಿನೆಟ್ಟಿಗೆ ತುರುಕುವುದಿಲ್ಲ. ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಅದರ ಕೂಲರ್, ಒಂದು ರ‍್ಯಾಮ್ ಮತ್ತು ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಇಷ್ಟರಿಂದಲೇ ಶುರುಮಾಡಿ, ಉಳಿದವನ್ನು ಒಂದೊಂದಾಗಿ ಸೇರಿಸುತ್ತಾರೆ. ಎಲ್ಲ ಸೇರಿಸಿದ ಮೇಲೆ ಯಂತ್ರ ಏಳದಿದ್ದರೆ ನಾವು ಮೊದಲೇ ಅನುಮಾನಿಸಿದ್ದರ ಮೇಲೆ ಆರೋಪ ಹೊರಿಸುತ್ತೇವೆ. ನಿಜಕ್ಕೂ ರ‍್ಯಾಮ್ ಸರಿಯಾಗಿ ಕೂತಿಲ್ಲದಿರಬಹುದು, ಅಥವಾ ಅದನ್ನು ಅಳತೆಮೀರಿದ ವೇಗದಲ್ಲಿ ಓಡಿಸಿರಬಹುದು. ತಾಳ್ಮೆಯ ಪರೀಕ್ಷೆ ಮಾರಿದವನನ್ನೂ ಕಾಯುತ್ತದೆ. ಬದಲಿ ಭಾಗ ಹಾಕಿ ನೋಡುವ ಅನುಕೂಲ ಬಡವನಿಗಿಲ್ಲ. ಆದ್ದರಿಂದ ಈ ತಾಳ್ಮೆ ಅವನಿಗೇ ಹೆಚ್ಚು ಬೇಕು.

1994ರಲ್ಲಿ ಅಮೆರಿಕದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ಚಿಕ್ಕ ವ್ಯತ್ಯಾಸವೊಂದನ್ನು ಕಂಡರು. ತಪ್ಪು ತಮ್ಮ ಪ್ರೋಗ್ರಾಮಿನದೇ, ಮದರ್‌ಬೋರ್ಡಿನದೇ ಎಂದು ತಿಂಗಳುಗಟ್ಟಲೆ ಒಂದೊಂದನ್ನೇ ತಳ್ಳಿಹಾಕಿದ ಮೇಲಷ್ಟೇ ಪೆಂಟಿಯಂ ಪ್ರೊಸೆಸರಿನ ಭಾಗಾಕಾರವೇ ತಪ್ಪುತ್ತಿದೆ ಎಂದರು. ಸಾಮಾನ್ಯ ಬಳಕೆದಾರನಿಗೆ ಈ ತಪ್ಪು ಎದುರಾಗುವುದು 27,000 ವರ್ಷಕ್ಕೊಮ್ಮೆ ಎಂದ ಇಂಟೆಲ್, ನಿಖರ ಲೆಕ್ಕದ ಅಗತ್ಯವಿದೆಯೆಂದು ತೋರಿಸಿದವರಿಗೆ ಮಾತ್ರ ಬದಲಿ ಕೊಡುವುದಾಗಿ ಹೇಳಿತು. ಜನರ ಆಕ್ರೋಶದ ನಂತರ ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಬದಲಿ ಕೊಡಲು ಒಪ್ಪಿತು. ಅದಕ್ಕೆಂದು ಲೆಕ್ಕಕ್ಕಿಟ್ಟ ಮೊತ್ತ 47.5 ಕೋಟಿ ಡಾಲರ್. ಕಂಪನಿಯ ಅಂಕಿ ಸರಿಯೇ ಇದ್ದರೂ ದೋಷವನ್ನು ತಾನು ತಿಳಿದಿದ್ದೂ ಅದು ಮುಖ್ಯವೋ ಅಲ್ಲವೋ ಎಂದು ಕೊಂಡವನ ಪರವಾಗಿ ತಾನೇ ತೀರ್ಮಾನಿಸಿತ್ತು. ಜನರಿಗೆ ನೋವಾದದ್ದು ಅಲ್ಲಿ.

ಈ ಸ್ಥಾನದಲ್ಲಿ ನಮ್ಮ ವಿದ್ಯಾರ್ಥಿಯೂ ನಿಲ್ಲಬಹುದು. ಎಂಟು ಗಂಟೆಯ ಪರೀಕ್ಷೆಯಲ್ಲಿ ರ‍್ಯಾಮ್ ಒಂದು ಸಲ ತಪ್ಪಿತು, ವಾಪಸು ಕೊಡುವ ಅವಧಿ ಮುಗಿದಿದೆ, ಗೇಮುಗಳು ಓಡುತ್ತಿವೆ. ಸೆಕೆಂಡ್‌ಹ್ಯಾಂಡ್ ಮಾರಿಬಿಟ್ಟರೆ? ಕೊಳ್ಳುವವನು ಹತ್ತು ನಿಮಿಷ ನೋಡಿ, ಹಣ ಕೊಟ್ಟು ಹೋಗುತ್ತಾನೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಕೆಟ್ಟ ಮಾಲು ಒಳ್ಳೆಯದನ್ನು ಹೊರದಬ್ಬುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. ಮುಚ್ಚಿಟ್ಟು ಮಾರಿದ ಒಂದು ರ‍್ಯಾಮ್‌ನ ಬೆಲೆಯನ್ನು ಮುಂದೆ ಪ್ರಾಮಾಣಿಕವಾಗಿ ಮಾರುವ ಇನ್ನೊಬ್ಬ ವಿದ್ಯಾರ್ಥಿಯೂ ತೆರಬೇಕಾಗುತ್ತದೆ.

ಇಲ್ಲಿ ಒಂದು ಜಾಣತನದ ದಾರಿ ಕಾಣಿಸುತ್ತದೆ: ಪರೀಕ್ಷಿಸದೆಯೇ ಇದ್ದರೆ “ನನಗೆ ಗೊತ್ತಿರಲಿಲ್ಲ” ಎನ್ನುವುದು ಸುಳ್ಳಾಗುವುದಿಲ್ಲವಲ್ಲ? ಆದರೆ ತಿಳಿಯಬಹುದಾದದ್ದನ್ನು ತಿಳಿಯದಿರಲೆಂದೇ ಕಣ್ಣು ಮುಚ್ಚುವುದು ಅಜ್ಞಾನವಲ್ಲ, ಅದೊಂದು ಆಯ್ಕೆ. ಕೊಳ್ಳುವಾಗ ಗಂಟೆಗಟ್ಟಲೆ ಪರೀಕ್ಷಿಸಿ ಮಾರುವಾಗ ಏನೂ ಗೊತ್ತಿಲ್ಲದಂತೆ ಇರುವವನಿಗೆ ಸತ್ಯ ಬೇಕಿರಲಿಲ್ಲ, ತನ್ನ ಹಣ ಉಳಿದರೆ ಸಾಕಿತ್ತು. ಆ ಒಂದು ತಪ್ಪನ್ನು ಕೊಳ್ಳುವವನಿಗೆ ತೋರಿಸಿ, ಬೆಲೆ ಇಳಿಸಿ, ಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವನಿಗೇ ಬಿಟ್ಟರೆ ಕೆಲವು ನೂರು ರೂಪಾಯಿ ಕಡಿಮೆ ಸಿಗಬಹುದು. ಅಂಗಡಿಯವನಿಂದ ನಾವು ನಿರೀಕ್ಷಿಸಿದ್ದೂ ಇಷ್ಟೇ.