ಟನ್ನಿನ ಲೆಕ್ಕ, ಜನರ ಲೆಕ್ಕ

ಒಬ್ಬರೇ ಕೂತು ಆಡುವ ಆಟ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಇಸ್ಪೀಟು, ಅದರಲ್ಲೂ ಪೇಶನ್ಸ್. ಅದೇ ಜಾತಿಗೆ ಸೇರಿದ, ಆದರೆ ಬಹಳ ದೊಡ್ಡದಾದ ಇನ್ನೊಂದು ಬಗೆಯ ಆಟವಿದೆ. ಮೇಜಿನ ಮೇಲೆ ಹರಡಿಕೊಂಡು ಆಡುವ ಯುದ್ಧದ ಆಟ. ಎದುರಿಗೆ ಯಾರೂ ಇರುವುದಿಲ್ಲ. ಎದುರಾಳಿಯ ಕೆಲಸವನ್ನು ದಾಳ ಮತ್ತು ಕೋಷ್ಟಕಗಳೇ ಮಾಡುತ್ತವೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ, ಹೊರಗೆ ಕಾಲಿಡಲಾಗದ ಮುಂಬಯಿಯ ಮಳೆಗಾಲದಲ್ಲಿ ನನಗೆ ಅಂಟಿಕೊಂಡದ್ದು ಇಂಥದೊಂದು ಆಟ. ಹೆಸರು ‘ದಿ ಹಂಟರ್ಸ್’. ಗ್ರೆಗರಿ ಸ್ಮಿತ್ ಎಂಬುವವರು ರೂಪಿಸಿದ್ದು, 2013ರಲ್ಲಿ ಹೊರಬಂದದ್ದು. ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ, ಅಂದರೆ ಯು-ಬೋಟ್, ಅದರ ಕಪ್ತಾನ ನೀವು. 1939ರಿಂದ 1943ರವರೆಗೆ ಹಡಗು ಮುಳುಗಿಸುತ್ತಾ ಹೋಗಬೇಕು, ನೀವು ಮಾತ್ರ ಮುಳುಗಬಾರದು.

ಆಟದ ಕ್ರಮ ಹೀಗೆ. ನಿಮ್ಮ ಬೋಟಿನ ಚಿತ್ರವಿರುವ ಹಾಳೆ ಎದುರಿಗಿರುತ್ತದೆ, ಅದರ ಮೇಲೆ ರಟ್ಟಿನ ಬಿಲ್ಲೆಗಳು. ಒಂದೊಂದು ಮನೆ ಮುಂದಕ್ಕೆ ಹೋದ ಹಾಗೂ ದಾಳ ಹಾಕಬೇಕು. ಹಡಗು ಸಿಗಬಹುದು, ವಿಮಾನ ಎರಗಬಹುದು, ಬರೀ ನೀರೇ ಇರಬಹುದು. ಹಡಗು ಸಿಕ್ಕಿದರೆ ತೀರ್ಮಾನ ನಿಮ್ಮದು. ಹತ್ತಿರ ಹೋದರೆ ಗುರಿ ತಪ್ಪುವುದು ಕಡಿಮೆ, ಆದರೆ ಕಾವಲು ಹಡಗಿನ ಕೈಗೆ ಸಿಕ್ಕಿಬೀಳುವ ಭಯ ಜಾಸ್ತಿ. ದೂರದಿಂದ ಹೊಡೆದರೆ ಅದರ ಉಲ್ಟಾ. ಟಾರ್ಪೆಡೊ ಹೋಗಿ ಬಡಿದರೂ ಸಿಡಿಯದೇ ಇರಬಹುದು. 1940ರಲ್ಲಿ ನಾರ್ವೆಯ ಕದನದ ಹೊತ್ತಿಗೆ ಜರ್ಮನರ ಟಾರ್ಪೆಡೊಗಳು ನಿಜವಾಗಿಯೂ ಹಾಗೆ ಕೈಕೊಟ್ಟಿದ್ದವು. ಹಡಗು ಮುಳುಗಿದರೆ ಅದರ ಹೆಸರು, ಟನ್ನು ಎರಡನ್ನೂ ಹಾಳೆಯಲ್ಲಿ ಬರೆದುಕೊಳ್ಳಬೇಕು. ಕೊನೆಗೆ ಕೂಡಿಸಿದಾಗ ಬರುವ ಮೊತ್ತವೇ ನಿಮ್ಮ ಯೋಗ್ಯತೆ. ಜೀವಮಾನವೆಲ್ಲ ಕಾಲಮ್ಮು ಕೂಡಿಸಿದ ಕೈಗೆ ಈ ಹಾಳೆ ಎಷ್ಟು ಹಿತ ಅನ್ನುವುದನ್ನು ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಿವಮೊಗ್ಗದಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ಇದನ್ನು ನೋಡಿ, “ಏನ್ ಭಾವ, ರಿಟೈರಾದ್ಮೇಲೆ ಹಿಟ್ಲರನ ನೌಕಾಪಡೆ ಸೇರ್ಕೊಂಡ್ರಾ?” ಅಂದ. ತಮಾಷೆಯ ಮಾತೇ. ಆದರೆ ಅದರೊಳಗಿರುವ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವ ಹಾಗಿಲ್ಲ. ಅನ್ಯಾಯದ ಪಕ್ಷದ ಕುರ್ಚಿಯಲ್ಲಿ ಕೂತು, ಹಡಗು ಮುಳುಗಿದಾಗ ಖುಷಿಪಡುವುದು ಸರಿಯೇ?

ಇದಕ್ಕೊಂದು ಸುಲಭದ ಉತ್ತರವಿದೆ. ಆಟ ಆಟವೇ ಕಣಯ್ಯಾ, ಅನ್ನಬಹುದು. ನಮ್ಮ ಆಡು-ಹುಲಿ ಆಟದಲ್ಲಿ ಹುಲಿಯ ಪಕ್ಷ ಹಿಡಿದವನನ್ನು ಕಟುಕ ಅಂತ ಯಾರೂ ಕರೆಯುವುದಿಲ್ಲ. ದೇವಸ್ಥಾನದ ಜಗಲಿಯ ಕಲ್ಲಿನಲ್ಲೇ ಆ ಆಟದ ಮನೆಗಳನ್ನು ಕೊರೆದಿರುತ್ತಾರೆ. ಚದುರಂಗದಲ್ಲಿ ಸತ್ತ ಪದಾತಿಗೆ ಯಾರಾದರೂ ಸೂತಕ ಹಿಡಿಯುತ್ತಾರೆಯೇ?

ಈ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆ. ಆಡು-ಹುಲಿಯ ಆಡು ಎಂದೂ ಬದುಕಿದ್ದಲ್ಲ. ನನ್ನ ಹಾಳೆಯಲ್ಲಿ ಬರುವ ಹಡಗುಗಳು ಒಂದು ಕಾಲಕ್ಕೆ ನಿಜವಾಗಿ ತೇಲುತ್ತಿದ್ದವು. ಹೆಸರಿನ ಎದುರಿಗಿರುವ ಟನ್ನೂ ನಿಜವೇ. ಈ ಟನ್ನನ್ನು ನಾನು ಬಹಳ ದಿನ ತೂಕ ಅಂತಲೇ ತಿಳಿದಿದ್ದೆ. ಅದು ಹಡಗಿನ ಒಳಗಿನ ಜಾಗದ ಅಳತೆ. ನೂರು ಘನ ಅಡಿಗೆ ಒಂದು ಟನ್ನು. ಆ ಜಾಗದಲ್ಲಿ ಗೋಧಿ ತುಂಬಿತ್ತೋ, ಮನುಷ್ಯರು ಮಲಗಿದ್ದರೋ, ಅಳತೆಗೆ ಎಲ್ಲವೂ ಒಂದೇ. ಜರ್ಮನ್ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಸ್ ಯುದ್ಧವನ್ನು ಕಂಡದ್ದು ಈ ಅಳತೆಯಲ್ಲೇ. ಶತ್ರುಗಳು ಹೊಸದಾಗಿ ಕಟ್ಟುವುದಕ್ಕಿಂತ ಹೆಚ್ಚು ಟನ್ನು ಮುಳುಗಿಸುತ್ತಿದ್ದರೆ ಸಾಕು, ಗೆದ್ದ ಹಾಗೆ. ಲಕ್ಷ ಟನ್ನು ದಾಟಿದ ಕಪ್ತಾನನ ಕೊರಳಿಗೆ ನೈಟ್ಸ್ ಕ್ರಾಸ್ ಪದಕ. ಆಟದಲ್ಲೂ ಅಷ್ಟೇ.

‘ಸಿಟಿ ಆಫ್ ಬನಾರಸ್’ ಎಂಬ ಹಡಗಿನ ವಿಷಯ ಹೇಳುತ್ತೇನೆ. ಬ್ರಿಟನ್ ಮತ್ತು ಇಂಡಿಯಾದ ನಡುವೆ ಓಡಾಡಲೆಂದು 1936ರಲ್ಲಿ ಕಟ್ಟಿದ್ದು, 11,081 ಟನ್ನು. 1940ರ ಸೆಪ್ಟೆಂಬರ್ 17ರ ರಾತ್ರಿ ಅಟ್ಲಾಂಟಿಕ್ಕಿನಲ್ಲಿ ಅದನ್ನು ಯು-48 ಎಂಬ ಬೋಟು ಹೊಡೆದು ಮುಳುಗಿಸಿತು. ಬಾಂಬಿನ ಭಯಕ್ಕೆ ಕೆನಡಾಕ್ಕೆ ಕಳಿಸಿದ್ದ 90 ಮಕ್ಕಳು ಅದರಲ್ಲಿದ್ದರು, 77 ಮಕ್ಕಳು ಸತ್ತರು. ಒಳಗೆ ಮಕ್ಕಳಿದ್ದಾರೆ ಅನ್ನುವುದು ಹೊಡೆದವರಿಗೆ ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಹನ್ನೊಂದು ಸಾವಿರ ಟನ್ನು.

ಬ್ರಿಟನ್ನಿನಲ್ಲಿ ಆ ಮಕ್ಕಳ ಕತೆ ಬಹಳ ಜನಕ್ಕೆ ಗೊತ್ತು. ಅದೇ ಹಡಗಿನ ನಾವಿಕರಲ್ಲಿ ಹೆಚ್ಚಿನವರು ಇಂಡಿಯಾದವರು, ಲಸ್ಕರರು. ಅವರಲ್ಲಿ ನೂರರಷ್ಟು ಜನ ಆ ರಾತ್ರಿ ಮತ್ತು ಮುಂದಿನ ದಿನಗಳಲ್ಲಿ ಸತ್ತರು. ತೆಳ್ಳನೆಯ ಬಟ್ಟೆಯಲ್ಲಿ, ತೆರೆದ ದೋಣಿಯಲ್ಲಿ, ಆ ಚಳಿಗೆ ಸತ್ತವರೇ ಬಹಳ. ಆ ಕಾಲದ ಬ್ರಿಟಿಷ್ ಹಡಗುಗಳಲ್ಲಿ ದುಡಿದ ಲಸ್ಕರರು ಸಿಲ್ಹೆಟ್, ಗೋವಾ, ಕೊಂಕಣ, ಗುಜರಾತಿನ ಕರಾವಳಿಯಂಥ ಕಡೆಗಳಿಂದ ಹೊಟ್ಟೆಪಾಡಿಗೆ ಹೋದವರು. ಬ್ರಿಟಿಷ್ ನಾವಿಕನಿಗೆ ಸಿಗುತ್ತಿದ್ದುದರ ಒಂದು ಪಾಲು ಮಾತ್ರ ಅವರ ಸಂಬಳ. 1939ರಲ್ಲಿ ಯುದ್ಧ ಶುರುವಾದಾಗ ಸಂಬಳ ಹೆಚ್ಚಿಸಿ ಅಂತ ಅವರು ಮುಷ್ಕರ ಹೂಡಬೇಕಾಯಿತು. ಯುದ್ಧದಲ್ಲಿ ಸತ್ತ ಇಂಡಿಯಾದ ವಾಣಿಜ್ಯ ನಾವಿಕರು ಸುಮಾರು ಆರು ಸಾವಿರ. ಅವರ ಸ್ಮಾರಕ ಇಲ್ಲೇ ಮುಂಬಯಿಯಲ್ಲಿ ಇದೆ, ಇನ್ನೊಂದು ಚಿತ್ತಗಾಂಗಿನಲ್ಲಿ. ಮುಂಬಯಿಯಲ್ಲಿ ನಲವತ್ತು ವರ್ಷ ಇದ್ದ ನಮ್ಮಂಥವರ ಪೈಕಿ ಅದನ್ನು ನೋಡಿದವರು ಎಷ್ಟು ಜನ ಇರಬಹುದು? ಊರು ಬಿಟ್ಟು ದುಡಿಯುವವನ ಭಯ ನನಗೆ ಗೊತ್ತು. ದೂರದಲ್ಲಿ ಏನಾದರೂ ಆದರೆ ನಮ್ಮನ್ನು ಯಾರ ಲೆಕ್ಕದಲ್ಲಿ ಸೇರಿಸುತ್ತಾರೆ ಅನ್ನುವ ಭಯ. ಈ ಜನ ಯಾರ ಲೆಕ್ಕಕ್ಕೂ ಸರಿಯಾಗಿ ಸೇರಲಿಲ್ಲ.

ಹಾಗಾದರೆ ಪೆಟ್ಟಿಗೆ ಕಟ್ಟಿ ಅಟ್ಟಕ್ಕೆ ಹಾಕಬೇಕೇ? ಬೇಡ ಅಂತ ನನ್ನ ಅಭಿಪ್ರಾಯ. ಯಾಕೆ ಅಂದರೆ, ಪುಸ್ತಕ ಕಲಿಸದ ಒಂದು ಸಂಗತಿಯನ್ನು ಈ ಆಟ ಕಲಿಸುತ್ತದೆ. ಕಪ್ತಾನನ ಕುರ್ಚಿಯಲ್ಲಿ ಕೂತ ಹತ್ತು ನಿಮಿಷಕ್ಕೆ ನಿಮಗೆ ಕೆಟ್ಟವರಾಗಿರುವ ಅನುಭವ ಬರುವುದಿಲ್ಲ. ಜವಾಬ್ದಾರಿ ಹೊತ್ತ ಅನುಭವ ಬರುತ್ತದೆ. ಹುಡುಗರನ್ನು ಜೀವಸಹಿತ ಬಂದರಿಗೆ ಸೇರಿಸಬೇಕು, ಡೀಸೆಲ್ ಎಂಜಿನ್ ರಿಪೇರಿಯಾಗಬೇಕು, ಉಳಿದ ಎರಡು ಟಾರ್ಪೆಡೊಗಳನ್ನು ದಂಡ ಮಾಡಬಾರದು. ಎಲ್ಲವೂ ಒಳ್ಳೆಯ ನೌಕರನ ಗುಣಗಳೇ. ಬೋಟಿನವರ ಪಾಡನ್ನೂ ಆಟ ಮುಚ್ಚಿಡುವುದಿಲ್ಲ. ಯು-ಬೋಟುಗಳಲ್ಲಿ ಹೋದ ಸುಮಾರು 40,000 ಜನರಲ್ಲಿ 30,000ದಷ್ಟು ಜನ ತಿರುಗಿ ಬರಲಿಲ್ಲ. ಆಟ 1943ಕ್ಕೆ ಬರುವ ಹೊತ್ತಿಗೆ ದಾಳವೂ ಅದನ್ನೇ ಹೇಳತೊಡಗುತ್ತದೆ. ದೊಡ್ಡ ಅನ್ಯಾಯಗಳು ಬರೀ ರಾಕ್ಷಸರಿಂದ ನಡೆಯುವುದಿಲ್ಲ, ತಮ್ಮ ತಮ್ಮ ಕಾಲಮ್ಮನ್ನು ಶ್ರದ್ಧೆಯಿಂದ ತುಂಬುವವರೂ ಬೇಕು. ಇದನ್ನು ಉಪನ್ಯಾಸದಲ್ಲಿ ಕೇಳುವುದು ಬೇರೆ, ಸ್ವಂತ ಕೈಯಲ್ಲಿ ಪೆನ್ಸಿಲ್ ಹಿಡಿದು ತಿಳಿಯುವುದು ಬೇರೆ.

ಕುರ್ಚಿಯಲ್ಲಿ ಕೂತವನಿಗೆ ಬೇರೆ ದಾರಿಯೇ ಇರಲಿಲ್ಲ ಅನ್ನುವಂತೆಯೂ ಇಲ್ಲ. 1942ರ ಸೆಪ್ಟೆಂಬರ್ 12ರಂದು ಯು-156ರ ಕಪ್ತಾನ ಹಾರ್ಟೆನ್‌ಸ್ಟೈನ್ ‘ಲಕೋನಿಯಾ’ ಎಂಬ ಹಡಗನ್ನು ಮುಳುಗಿಸಿದ. ಹತ್ತಿರ ಹೋದಾಗ ನೀರಿನಲ್ಲಿ ನೂರಾರು ಜನರ ಕೂಗು ಕೇಳಿಸಿತು. ಅವನು ಅವರನ್ನು ಎತ್ತಿಕೊಳ್ಳತೊಡಗಿದ. ದೋಣಿಗಳನ್ನು ಹಗ್ಗ ಕಟ್ಟಿ ಎಳೆದ. ಶತ್ರುವಾದರೂ ಸರಿ, ಬಂದು ಕಾಪಾಡಿ ಅಂತ ಎಲ್ಲರಿಗೂ ಕೇಳುವಂತೆ ರೇಡಿಯೋದಲ್ಲಿ ಕರೆದ. ನಾಲ್ಕು ದಿನದ ಮೇಲೆ ಅಮೆರಿಕದ ವಿಮಾನವೊಂದು ಆ ಬೋಟಿನ ಮೇಲೇ ಬಾಂಬು ಹಾಕಿತು. ಮರುದಿನ ಡೋನಿಟ್ಸ್ ಆಜ್ಞೆ ಹೊರಡಿಸಿದ: ಮುಳುಗಿದವರನ್ನು ಇನ್ನು ಮುಂದೆ ಎತ್ತಿಕೊಳ್ಳಕೂಡದು. ಕೂಗು ಕೇಳಿದ ಮೇಲೆ ಟನ್ನಿನ ಲೆಕ್ಕ ನಿಂತುಹೋಗುತ್ತದೆ ಅನ್ನುವುದು ಆಜ್ಞೆ ಕೊಡುವವರಿಗೂ ಗೊತ್ತಿತ್ತೇನೋ.

ಲೆಕ್ಕವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಲೆಕ್ಕವಿಲ್ಲದೆ ಬ್ಯಾಂಕು ನಡೆಯದು, ದೇಶ ನಡೆಯದು, ಯುದ್ಧವಂತೂ ನಡೆಯದು. ಯಾವುದೇ ಬ್ಯಾಂಕಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಸಾಲ ವಸೂಲಿಗೆ ಒಂದು ಕಾಲಮ್ಮು ಇರುತ್ತದೆ. ಅದನ್ನು ಕಟ್ಟಲು ಯಾರ ಮನೆಯ ಹಸು ಸಂತೆಗೆ ಹೋಯಿತು ಅಂತ ಬರೆಯಲು ಇರುವುದಿಲ್ಲ. ಇರುವುದೂ ಸಾಧ್ಯವಿಲ್ಲ. ಆದರೆ ಕಾಲಮ್ಮೇ ಇಲ್ಲದ ಕಡೆ ಯಾವ ಅಂಕಿಯೂ ಬರುವುದಿಲ್ಲ, ಅಂಕಿ ಇಲ್ಲದ್ದನ್ನು ಮನಸ್ಸು ಬೇಗ ಮರೆಯುತ್ತದೆ. ಆದ್ದರಿಂದ ಹಾಳೆಯಲ್ಲಿ ಇಲ್ಲದ್ದನ್ನು ನೆನಪಿಟ್ಟುಕೊಳ್ಳುವ ಹೊಣೆ ಹಾಳೆ ತುಂಬುವವನದೇ. ಆಟಕ್ಕೂ ಅದೇ ಮಾತು. ಯಾರ ಪಕ್ಷ ಹಿಡಿದು ಆಡಿದೆ ಅನ್ನುವುದಕ್ಕಿಂತ, ಆ ಕುರ್ಚಿಯಿಂದ ಕಾಣದೇ ಹೋದದ್ದನ್ನು ಎದ್ದ ಮೇಲಾದರೂ ನೋಡಿದೆಯಾ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ನನ್ನ ಹಾಳೆಯಲ್ಲಿ ಈಗ ಟನ್ನಿನ ಪಕ್ಕಕ್ಕೆ ಸ್ಕೇಲಿಟ್ಟು ಒಂದು ಗೆರೆ ಎಳೆದುಕೊಂಡಿದ್ದೇನೆ. ಆಟದಲ್ಲಿ ಮುಳುಗಿದ ಹಡಗು ಯುದ್ಧದಲ್ಲೂ ಮುಳುಗಿದ್ದರೆ, ಅದರಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನ ಉಳಿದರು ಅಂತ ಹುಡುಕಿ ಅಲ್ಲಿ ಬರೆಯುತ್ತೇನೆ. ನಿಯಮದ ಪುಸ್ತಕದಲ್ಲಿ ಅದಕ್ಕೆ ಅಂಕವೂ ಇಲ್ಲ, ಪದಕವೂ ಇಲ್ಲ. ಹಾಗೆ ಬರೆದ ಸಂಜೆ ಇನ್ನೊಂದು ಗಸ್ತು ಹೊರಡಲು ಮನಸ್ಸು ಬರುವುದೂ ಉಂಟು, ಬಾರದೆ ಇರುವುದೂ ಉಂಟು.